ಔಷಧಕ್ಕೆಂದು ಅಣಬೆ: ಚಿಪ್ಪು, ಹಾಲು, ಬಟನ್, ಶಿಟಾಕೆ, ರೈಶಿ – ಯಾರಿಗೆ ಯಾವುದು?

ಕಾಸರಗೋಡು ಪೇಟೆಯಲ್ಲಿ, ಬದಿಯಡ್ಕ, ಮುಳ್ಳೇರಿಯ, ಉಪ್ಪಳದ ಅಂಗಡಿಗಳಲ್ಲಿ ಈಗ ಅಣಬೆ ಅಪರೂಪದ ವಸ್ತುವಲ್ಲ. ಚಿಪ್ಪು ಅಣಬೆ, ಹಾಲು ಅಣಬೆ, ಬಟನ್ ಅಣಬೆ ತಾಜಾ ಸಿಗುತ್ತವೆ. ಒಣಗಿದ ಶಿಟಾಕೆಯನ್ನೂ ರೈಶಿ, ಕಾರ್ಡಿಸೆಪ್ಸ್ ಪುಡಿಯನ್ನೂ ಆನ್‌ಲೈನಿನಲ್ಲಿ ತರಿಸುವವರು ಹೆಚ್ಚಾಗಿದ್ದಾರೆ. ಇವುಗಳ ಜೊತೆಗೆ ಮೊದಲ ಮಳೆಗೆ ಗುಡ್ಡೆಯಲ್ಲಿ ಏಳುವ ಲಾಂಬು (ಕಾಡು ಅಣಬೆ) ಇದ್ದೇ ಇದೆ. ಕೊಳ್ಳುವವರಲ್ಲಿ ಅನೇಕರು ಕೇಳುವುದು ರುಚಿಯ ಬಗ್ಗೆ ಅಲ್ಲ. ಶುಗರ್‌ಗೆ ಯಾವುದು ಒಳ್ಳೆಯದು, ಕೊಲೆಸ್ಟರಾಲ್‌ಗೆ ಯಾವುದು, ಕ್ಯಾನ್ಸರ್‌ಗೆ ಕೊಡಬಹುದೇ ಎಂದು ಕೇಳುತ್ತಾರೆ.

ನಮ್ಮ ತೀರ್ಮಾನವನ್ನು ಮೊದಲೇ ಹೇಳುತ್ತೇವೆ. ಹೆಚ್ಚಿನ ಮನೆಗಳಿಗೆ ಚೆನ್ನಾಗಿ ಬೇಯಿಸಿದ ಚಿಪ್ಪು ಅಣಬೆ ಅಥವಾ ಹಾಲು ಅಣಬೆ ಸಾಕು. ಪುಡಿ, ಕ್ಯಾಪ್ಸೂಲ್ ಕೊಳ್ಳುವ ಮೊದಲು ಡಾಕ್ಟರರ ಚೀಟಿಯಲ್ಲಿ ಈಗ ಯಾವ ಮಾತ್ರೆಗಳಿವೆ ಎಂದು ನೋಡಬೇಕು. ಗುಡ್ಡೆಯ ಅಣಬೆಯನ್ನು ಔಷಧಕ್ಕೆಂದು ಹುಡುಕಿ ಹೋಗುವುದೇ ಬೇಡ.

ಆಹಾರದ ಗುಣ ಬೇರೆ, ಮದ್ದಿನ ಗುಣ ಬೇರೆ

ತಾಜಾ ಅಣಬೆಯಲ್ಲಿ ಸುಮಾರು 90 ಶೇಕಡಾ ನೀರೇ. 100 ಗ್ರಾಂ ಚಿಪ್ಪು ಅಣಬೆಯಲ್ಲಿ ಪ್ರೋಟೀನ್ ಸುಮಾರು 3 ಗ್ರಾಂ, ನಾರು 2 ಗ್ರಾಂಗಿಂತ ಸ್ವಲ್ಪ ಹೆಚ್ಚು, ಶಕ್ತಿ 33 ಕ್ಯಾಲೊರಿ. ಒಂದು ಕೋಳಿಮೊಟ್ಟೆಯಲ್ಲೇ 6 ಗ್ರಾಂ ಪ್ರೋಟೀನ್ ಇದೆ. "ಮಾಂಸಕ್ಕೆ ಸಮ" ಎಂಬ ಮಾತು ಒಣಗಿದ ತೂಕದ ಲೆಕ್ಕಕ್ಕೆ ಹತ್ತಿರವಾದೀತು, ಬಟ್ಟಲಿನಲ್ಲಿರುವ ಪಲ್ಯಕ್ಕೆ ಅನ್ವಯಿಸುವುದಿಲ್ಲ. ಬಿ12 ಕೂಡ ನೆಚ್ಚಿಕೊಳ್ಳುವಷ್ಟು ಇಲ್ಲ. ಶುದ್ಧ ಸಸ್ಯಾಹಾರಿ ಮನೆಯಲ್ಲಿ ಅಣಬೆ ತಿನ್ನುತ್ತೇವೆಂದು ಬಿ12 ಮಾತ್ರೆ ನಿಲ್ಲಿಸಬಾರದು.

ಹಾಗಾದರೆ ಇದರಿಂದ ಏನು ಲಾಭ? ಕೊಬ್ಬು ಮತ್ತು ಉಪ್ಪಿನಂಶ ತೀರಾ ಕಡಿಮೆ, ಪೊಟಾಶಿಯಂ ಚೆನ್ನಾಗಿದೆ, ಬೀಟಾ-ಗ್ಲುಕಾನ್ ಎಂಬ ನಾರು ಇದೆ, ಎರ್ಗೊಥಯೋನಿನ್ ಎಂಬ ಉತ್ಕರ್ಷಣ ತಡೆಯುವ ವಸ್ತು ಬೇರೆ ಆಹಾರಗಳಿಗಿಂತ ಹೆಚ್ಚು ಇದೆ. ಸಿಂಗಾಪುರದಲ್ಲಿ 60 ದಾಟಿದ 663 ಜನರನ್ನು ಗಮನಿಸಿ 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ವಾರಕ್ಕೆ ಎರಡು ಪಾಲಿಗಿಂತ ಹೆಚ್ಚು ಅಣಬೆ ತಿನ್ನುತ್ತಿದ್ದವರಲ್ಲಿ ನೆನಪಿನ ಶಕ್ತಿ ಕುಂದುವ ಸಾಧ್ಯತೆ ಸುಮಾರು ಅರ್ಧದಷ್ಟು ಕಡಿಮೆ ಕಂಡಿತು. ಆದರೆ ಅದು ಊಟದ ಅಭ್ಯಾಸವನ್ನು ಗಮನಿಸಿದ ಅಧ್ಯಯನವಷ್ಟೇ. ಅಣಬೆಯಿಂದಲೇ ಹಾಗಾಯಿತೆಂದು ಅದು ಸಾಬೀತು ಮಾಡುವುದಿಲ್ಲ. ಅಲ್ಲಿ ತಿಂದದ್ದೂ ಬೇಯಿಸಿದ ಸಾಮಾನ್ಯ ಅಣಬೆಗಳನ್ನೇ, ಕ್ಯಾಪ್ಸೂಲನ್ನಲ್ಲ.

ಚಿಪ್ಪು ಅಣಬೆಯೋ, ಹಾಲು ಅಣಬೆಯೋ?

ನಮ್ಮೂರಿನ ಮಟ್ಟಿಗೆ ಆಯ್ಕೆ ಬಹುತೇಕ ಈ ಎರಡರ ನಡುವೆ. ಪ್ಯಾಕೆಟ್ಟಿನ ಮೇಲೆ ಮಲಯಾಳದಲ್ಲಿ 'ಚಿಪ್ಪಿಕ್ಕೂಣ್' ಎಂದಿದ್ದರೆ ಚಿಪ್ಪು ಅಣಬೆ, 'ಪಾಲ್‌ಕೂಣ್' ಎಂದಿದ್ದರೆ ಹಾಲು ಅಣಬೆ.

ಚಿಪ್ಪು ಅಣಬೆ 20ರಿಂದ 30 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಹಸಿ ಗಾಳಿಯಲ್ಲಿ ಚೆನ್ನಾಗಿ ಬರುತ್ತದೆ. ಆದ್ದರಿಂದ ಮಳೆಗಾಲ ಮತ್ತು ಚಳಿಯ ತಿಂಗಳುಗಳಲ್ಲಿ ಒಳ್ಳೆಯ ಮಾಲು ಸಿಗುತ್ತದೆ. ಬೈಹುಲ್ಲಿನಲ್ಲಿ ಮಾತ್ರವಲ್ಲ, ತೆಂಗಿನ ಮಡಲಿನ ದಂಟು, ಗೊನೆಯ ಕಸದಲ್ಲೂ ಇದನ್ನು ಬೆಳೆಯುವ ವಿಧಾನವನ್ನು ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ (ಸಿಪಿಸಿಆರ್‌ಐ) ರೂಪಿಸಿದೆ. ಹಾಲು ಅಣಬೆಗೆ 30ರಿಂದ 35 ಡಿಗ್ರಿ ಬೇಕು. ಮಾರ್ಚ್‌ನಿಂದ ಮೇವರೆಗಿನ ಸೆಕೆಯಲ್ಲಿ ಚಿಪ್ಪು ಅಣಬೆ ಸೊರಗುವಾಗ ಇದು ಬೆಳೆಯುತ್ತದೆ. ಇದರ ಎಪಿಕೆ-2 ತಳಿಯನ್ನು ಕೊಯಮತ್ತೂರಿನ ತಮಿಳುನಾಡು ಕೃಷಿ ವಿಶ್ವವಿದ್ಯಾಲಯ 1998ರಲ್ಲಿ ಬಿಡುಗಡೆ ಮಾಡಿತು.

ಔಷಧಗುಣದ ದಾಖಲೆ ನೋಡಿದರೆ ಚಿಪ್ಪು ಅಣಬೆ ಮುಂದಿದೆ. ಕೊಲೆಸ್ಟರಾಲ್ ತಗ್ಗಿಸುವ ಲೋವಸ್ಟಾಟಿನ್ ಇದರಲ್ಲಿ ಸಹಜವಾಗಿಯೇ ಇರುತ್ತದೆ. ಆದರೆ ತಳಿಯಿಂದ ತಳಿಗೆ, ಬೆಳೆಸಿದ ವಸ್ತುವಿನಿಂದ ವಸ್ತುವಿಗೆ ಅದರ ಪ್ರಮಾಣ ಬಹಳ ಬದಲಾಗುತ್ತದೆ, ಯಾವ ಪ್ಯಾಕೆಟ್ಟಿನಲ್ಲಿ ಎಷ್ಟಿದೆಯೆಂದು ಯಾರೂ ಅಳೆದು ಕೊಡುವುದಿಲ್ಲ. ಅಟೊರ್ವಸ್ಟಾಟಿನ್‌ನಂಥ ಮಾತ್ರೆ ತೆಗೆದುಕೊಳ್ಳುವವರು ಅಣಬೆ ಗಸಿ ಧಾರಾಳ ತಿನ್ನಬಹುದು. ಗಸಿಯನ್ನು ನಂಬಿ ಮಾತ್ರೆ ಬಿಡಬಾರದು. ಹಾಲು ಅಣಬೆಯ ಬಗ್ಗೆ ಇರುವ ಹೆಚ್ಚಿನ ಸಂಶೋಧನೆ ಪ್ರಯೋಗಾಲಯ ಮತ್ತು ಇಲಿಗಳ ಮಟ್ಟದ್ದು. ಪೋಷಣೆಯಲ್ಲಿ ಎರಡಕ್ಕೂ ದೊಡ್ಡ ಅಂತರವಿಲ್ಲ.

ತಿಂದ ಮೇಲೆ ಹೊಟ್ಟೆ ಉಬ್ಬರಿಸುವವರಿಗೆ ಇನ್ನೊಂದು ವ್ಯತ್ಯಾಸ ಮುಖ್ಯ. ಬಟನ್ ಮತ್ತು ತಾಜಾ ಶಿಟಾಕೆಯಲ್ಲಿ ಮ್ಯಾನಿಟಾಲ್ ಎಂಬ ಸಕ್ಕರೆಯಂಥ ವಸ್ತು ಹೆಚ್ಚು. ಅದು ಕರುಳಿನಲ್ಲಿ ಹುದುಗಿ ಗ್ಯಾಸ್ ಮಾಡುತ್ತದೆ. ಚಿಪ್ಪು ಅಣಬೆಯಲ್ಲಿ ಅದು ಕಡಿಮೆ. "ಅಣಬೆ ನನಗೆ ಆಗುವುದಿಲ್ಲ" ಎನ್ನುವವರಲ್ಲಿ ಕೆಲವರಿಗೆ ಆಗದಿರುವುದು ಬಟನ್ ಮಾತ್ರ. ಅಂಥವರು 50 ಗ್ರಾಂ ಚಿಪ್ಪು ಅಣಬೆಯಿಂದ ಶುರುಮಾಡಿ ಒಂದು ದಿನ ಕಾದು ನೋಡಬಹುದು. ತುರಿಕೆ, ತುಟಿ ಬಾವು, ಉಬ್ಬಸ ಬಂದವರಿಗೆ ಈ ಮಾತಲ್ಲ. ಅದು ಅಲರ್ಜಿ, ಅವರು ಮತ್ತೆ ಪ್ರಯೋಗ ಮಾಡಬಾರದು.

ಬಾಳಿಕೆಯಲ್ಲಿ ಹಾಲು ಅಣಬೆಯದ್ದೇ ಮೇಲುಗೈ. ಕರಾವಳಿಯ ಸೆಕೆಯಲ್ಲಿ ಚಿಪ್ಪು ಅಣಬೆ ಹೊರಗೆ ಒಂದು ದಿನ ಉಳಿದರೆ ಹೆಚ್ಚು, ಫ್ರಿಜ್‌ನಲ್ಲಿ ಮೂರು-ನಾಲ್ಕು ದಿನ. ಹಾಲು ಅಣಬೆ ಫ್ರಿಜ್‌ನಲ್ಲಿ ಸುಮಾರು ಒಂದು ವಾರ ಗಟ್ಟಿಯಾಗಿರುತ್ತದೆ. ಎರಡನ್ನೂ ತೂತಿಲ್ಲದ ಪ್ಲಾಸ್ಟಿಕ್ಕಿನಲ್ಲಿ ಬಿಗಿದಿಡಬೇಡಿ. ಕಾಗದದ ಚೀಲ ಅಥವಾ ತೆಳು ಬಟ್ಟೆಯಲ್ಲಿ ಸುತ್ತಿಡಿ. ಗಾಳಿಯಾಡದ ಚೀಲದೊಳಗೆ ಅಣಬೆ ಉಸಿರಾಡಿ ಬೆವರುತ್ತದೆ, ಲೋಳೆಯಾಗುತ್ತದೆ, ಆಮ್ಲಜನಕ ಮುಗಿದ ಮೇಲೆ ಅಪಾಯಕಾರಿ ಬ್ಯಾಕ್ಟೀರಿಯಾಕ್ಕೂ ಅನುಕೂಲವಾಗುತ್ತದೆ. ಮುಟ್ಟಿದರೆ ಅಂಟುವ, ಹುಳಿ ಅಥವಾ ಮೀನಿನ ವಾಸನೆ ಬರುವ ಅಣಬೆಯನ್ನು ತೊಳೆದು ಬಳಸುವ ಯೋಚನೆ ಬಿಡಿ.

ಬೆಳೆಗಾರರಿಂದ ನೇರವಾಗಿ ಕೊಳ್ಳುವವರು ಒಂದು ಪ್ರಶ್ನೆ ಕೇಳಲೇಬೇಕು: ಹುಲ್ಲನ್ನು ಹೇಗೆ ಶುದ್ಧಮಾಡುತ್ತೀರಿ? ಹಬೆ ಅಥವಾ ಬಿಸಿನೀರಿನ ಕ್ರಮ ಒಂದು. ಇನ್ನೊಂದು ರಾಸಾಯನಿಕ ಕ್ರಮ. 100 ಲೀಟರ್ ನೀರಿಗೆ 7.5 ಗ್ರಾಂ ಕಾರ್ಬೆಂಡಜಿಮ್ ಮತ್ತು 125 ಮಿ.ಲೀ. ಫಾರ್ಮಾಲಿನ್ ಬೆರೆಸಿ ಹುಲ್ಲನ್ನು 16ರಿಂದ 18 ಗಂಟೆ ನೆನೆಸುತ್ತಾರೆ. ಖರ್ಚು ಕಡಿಮೆಯಾದ್ದರಿಂದ ಅನೇಕರು ಇದನ್ನೇ ಮಾಡುತ್ತಾರೆ. ಕಾಯಿಲೆಯವರಿಗೆಂದು ಕೊಳ್ಳುವಾಗ ಹಬೆಯಲ್ಲಿ ಶುದ್ಧಮಾಡಿದ ಹುಲ್ಲಿನ ಅಣಬೆಗೆ ಹತ್ತು ರೂಪಾಯಿ ಹೆಚ್ಚಾದರೂ ಅದೇ ಸರಿ ಎಂದು ನಮ್ಮ ಅಭಿಪ್ರಾಯ.

ಮನೆಯಲ್ಲೇ ಚಿಪ್ಪು ಅಣಬೆ ಬೆಳೆಯುವವರಿಗೆ ಒಂದು ಎಚ್ಚರಿಕೆ. ಇದರ ಬೀಜಕಣ ಹೊಗೆಯಂತೆ ಹಾರುತ್ತದೆ. ಮುಚ್ಚಿದ ಕೋಣೆಯಲ್ಲಿ ದಿನವೂ ಅದನ್ನು ಉಸಿರಾಡಿದರೆ ಒಣ ಕೆಮ್ಮು, ಜ್ವರ, ಏದುಸಿರು ಸೇರಿದ ಶ್ವಾಸಕೋಶದ ಉರಿಯೂತ ಬರುತ್ತದೆ. ಟೊಪ್ಪಿಯ ಅಂಚು ಇನ್ನೂ ಕೆಳಕ್ಕೆ ಬಾಗಿರುವಾಗಲೇ ಕೊಯ್ಯಿರಿ, ಮೂಗಿಗೆ ಎನ್-95 ಮಾಸ್ಕ್ ಹಾಕಿ. ಆಸ್ತಮಾ ಇರುವವರನ್ನು ಆ ಕೋಣೆಯ ಕೆಲಸಕ್ಕೆ ಹಚ್ಚಬೇಡಿ.

ಬಟನ್ ಮತ್ತು ಶಿಟಾಕೆ

ಬಟನ್ ಅಣಬೆಯನ್ನು ಔಷಧಕ್ಕೆಂದು ಆರಿಸಲು ವಿಶೇಷ ಕಾರಣವಿಲ್ಲ. ಒಳ್ಳೆಯ ತರಕಾರಿ, ಅಷ್ಟೇ. ಹಸಿಯಾಗಿ ಸಲಾಡ್‌ಗೆ ಹೆಚ್ಚಿ ಹಾಕುವ ಅಭ್ಯಾಸ ಬೇಡ. ಹಸಿ ಬಟನ್‌ನಲ್ಲಿ ಅಗಾರಿಟಿನ್ ಎಂಬ, ಹಾನಿಕರವಿರಬಹುದಾದ ಅಂಶವಿದೆ, ಬೇಯಿಸಿದಾಗ ಅದು ಗಣನೀಯವಾಗಿ ಇಳಿಯುತ್ತದೆ. ಬೆಳ್ಳಗೆ ಕಾಣಲೆಂದು ಕೆಲವೊಮ್ಮೆ ಪೊಟಾಶಿಯಂ ಮೆಟಾಬೈಸಲ್ಫೈಟ್ ನೀರಿನಲ್ಲಿ ತೊಳೆಯುವುದೂ ಉಂಟು. ಸಲ್ಫೈಟ್‌ನಿಂದ ಉಬ್ಬಸ ಏಳುವ ಆಸ್ತಮಾ ರೋಗಿಗಳು ಅತಿ ಬಿಳುಪಿನದಕ್ಕಿಂತ ತುಸು ಕಂದಿದ್ದನ್ನು ಆರಿಸಿಕೊಳ್ಳಬೇಕು.

ಶಿಟಾಕೆಗೆ ದೊಡ್ಡ ಹೆಸರಿದೆ. ಇದರಿಂದ ಬೇರ್ಪಡಿಸಿದ ಲೆಂಟಿನಾನ್ ಎಂಬ ಬೀಟಾ-ಗ್ಲುಕಾನನ್ನು ಜಪಾನಿನಲ್ಲಿ 1985ರಲ್ಲಿ ಜಠರದ ಕ್ಯಾನ್ಸರ್ ಚಿಕಿತ್ಸೆಗೆ ಪೂರಕವಾಗಿ ಅಂಗೀಕರಿಸಿದರು. ಆದರೆ ಅದು ಶುದ್ಧೀಕರಿಸಿ, ಕೀಮೋಥೆರಪಿಯ ಜೊತೆಗೆ ರಕ್ತನಾಳಕ್ಕೆ ಕೊಡುವ ಇಂಜೆಕ್ಷನ್. ಮಾರಾಟಗಾರರು "ಜಪಾನಿನಲ್ಲಿ ಕ್ಯಾನ್ಸರ್‌ಗೆ ಕೊಡುತ್ತಾರೆ" ಎನ್ನುವಾಗ ಇಂಜೆಕ್ಷನ್ ಎಂಬ ಮಾತನ್ನು ನುಂಗುತ್ತಾರೆ. ಶಿಟಾಕೆಯ ಸಾರು ಕುಡಿಯುವುದೂ ಅದೂ ಒಂದೇ ಅಲ್ಲ.

ಶಿಟಾಕೆಯದ್ದೇ ಆದ ತೊಂದರೆಯೊಂದಿದೆ. ಹಸಿಯಾಗಿ ಅಥವಾ ಅರೆಬೆಂದು ತಿಂದ ಕೆಲವರಿಗೆ ಒಂದೆರಡು ದಿನಗಳಲ್ಲಿ ಬೆನ್ನು, ಎದೆ, ತೋಳುಗಳ ಮೇಲೆ ಬೆತ್ತದಿಂದ ಬಾರಿಸಿದಂತೆ ಉದ್ದುದ್ದ ಕೆಂಪು ಗೆರೆಗಳು ಏಳುತ್ತವೆ, ವಿಪರೀತ ತುರಿಸುತ್ತವೆ. ಸಾಮಾನ್ಯವಾಗಿ ಒಂದರಿಂದ ಮೂರು ವಾರಗಳಲ್ಲಿ ತಾನಾಗಿ ಮಾಯುತ್ತದೆ. ಕಾರಣ ಅದೇ ಲೆಂಟಿನಾನ್. ಇದನ್ನು ತಪ್ಪಿಸಲು ಒಣ ಶಿಟಾಕೆಯನ್ನು ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಗಟ್ಟಿ ಕಾಲು ತೆಗೆದು, 15 ನಿಮಿಷ ಕುದಿಸಿ, ನಂತರ ಎಣ್ಣೆಯಲ್ಲಿ ಅಂಚು ಕೆಂಪಾಗುವವರೆಗೆ ಹುರಿಯಿರಿ. ನೂಡಲ್ಸಿನ ಮೇಲೆ ಎರಡು ನಿಮಿಷ ಹಬೆ ತೋರಿಸಿದರೆ ಸಾಲದು.

ರೈಶಿ: ತೋಟದ ರೋಗ, ಡಬ್ಬಿಯ ಮದ್ದು

ರೈಶಿ ಎಂದು ಮಾರುವ ಗ್ಯಾನೊಡರ್ಮಾ ನಮಗೆ ಹೊಸದಲ್ಲ. ಅಡಿಕೆ ಮರದ ಬುಡದಲ್ಲಿ ಮೆರುಗೆಣ್ಣೆ ಬಳಿದಂತೆ ಹೊಳೆಯುವ ಕಂದು ಬೀಸಣಿಗೆ ಎದ್ದರೆ ರೈತರು 'ಅಣಬೆ ರೋಗ' ಎನ್ನುತ್ತಾರೆ. ಅದೇ ಕುಲದ ಶಿಲೀಂಧ್ರ ತೆಂಗಿನ ಬುಡವನ್ನೂ ಕೊಳೆಸುತ್ತದೆ. ಇದು ಕಟ್ಟಿಗೆಯಂತೆ ಗಟ್ಟಿ, ಬೇವಿನಂತೆ ಕಹಿ. ಪಲ್ಯ ಮಾಡಿ ತಿನ್ನುವ ಅಣಬೆಯೇ ಅಲ್ಲ, ಕಷಾಯ ಅಥವಾ ಪುಡಿಯಾಗಿ ಮಾತ್ರ ಬಳಕೆ.

"ಸಾವಿರಾರು ರೂಪಾಯಿಯ ಡಬ್ಬಿ ಯಾಕೆ, ತೋಟದ್ದನ್ನೇ ಕಿತ್ತು ಕುದಿಸಿದರಾಯಿತು" ಎಂಬ ಸಲಹೆ ಕೇಳಿಬರುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ. ತೋಟದಲ್ಲಿ ಏಳುವುದು ಇದೇ ಕುಲದ ಬೇರೆ ಬೇರೆ ಜಾತಿಗಳು, ಕಣ್ಣಿನಿಂದ ನೋಡಿ ಬೇರ್ಪಡಿಸಲು ಆಗುವುದಿಲ್ಲ. ಅದೇ ತೋಟಕ್ಕೆ ಕೊಳೆರೋಗಕ್ಕೆಂದು ಮಳೆಗಾಲದಲ್ಲಿ ಎರಡು-ಮೂರು ಸಲ ಮದ್ದು ಬಿಟ್ಟಿರುತ್ತೇವೆ. 100 ಲೀಟರಿಗೆ 1 ಕಿಲೋ ಮೈಲುತುತ್ತು (ತಾಮ್ರದ ಸಲ್ಫೇಟ್), 1 ಕಿಲೋ ಸುಣ್ಣ. ಆ ತಾಮ್ರ ವರ್ಷ ವರ್ಷವೂ ಬುಡದ ಮಣ್ಣಿಗೇ ಇಳಿಯುತ್ತದೆ. ಅಣಬೆಗಳು ಮಣ್ಣಿನ ಲೋಹಗಳನ್ನು ಹೀರಿ ಒಟ್ಟುಗೂಡಿಸಿಕೊಳ್ಳುತ್ತವೆ. ಆಟಿ ಅಮಾವಾಸ್ಯೆಯ ಕಷಾಯಕ್ಕೆ ಹಾಲೆ ಮರದ ಬದಲು ವಿಷದ ಕಾಸರಕದ ತೊಗಟೆ ಕೆತ್ತಿದರೆ ಏನಾಗುತ್ತದೆಂದು ಊರಿಗೆಲ್ಲ ಗೊತ್ತಿದೆ. ಇಲ್ಲಿಯೂ ಅದೇ ಎಚ್ಚರ ಬೇಕು.

ಡಬ್ಬಿಯ ರೈಶಿ ಕೆಲಸ ಮಾಡುತ್ತದೆಯೇ? ಕೊಕ್ರೇನ್ ಸಂಸ್ಥೆ ಲಭ್ಯವಿದ್ದ ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದೆ. ಕ್ಯಾನ್ಸರ್‌ಗೆ ಇದನ್ನು ಮುಖ್ಯ ಚಿಕಿತ್ಸೆಯಾಗಿ ಬಳಸಲು ಸಾಕಷ್ಟು ಆಧಾರವಿಲ್ಲ, ವಾಡಿಕೆಯ ಚಿಕಿತ್ಸೆಯ ಜೊತೆಗೆ ಪೂರಕವಾಗಿ ಮಾತ್ರ ಯೋಚಿಸಬಹುದು ಎಂದಿತು. ಟೈಪ್-2 ಮಧುಮೇಹಿಗಳ ಹೃದಯಾಪಾಯ ತಗ್ಗಿಸಲು ಇದನ್ನು ಬಳಸುವುದಕ್ಕೆ ಆಧಾರವಿಲ್ಲವೆಂದು 2015ರಲ್ಲಿ ಹೇಳಿತು. ಲಾಭ ಇಷ್ಟು ಮಸುಕಾಗಿರುವಾಗ ಅಪಾಯ ಮಾತ್ರ ಸ್ಪಷ್ಟವಾಗಿದೆ. ರೈಶಿ ರಕ್ತ ಹೆಪ್ಪುಗಟ್ಟುವುದನ್ನು ನಿಧಾನಿಸಬಲ್ಲದು. ಆಸ್ಪಿರಿನ್, ಕ್ಲೊಪಿಡೊಗ್ರೆಲ್, ವಾರ್ಫರಿನ್ ತೆಗೆದುಕೊಳ್ಳುವವರಲ್ಲಿ ರಕ್ತಸ್ರಾವದ ಭಯ ಹೆಚ್ಚುತ್ತದೆ. ಪುಡಿ ರೂಪದಲ್ಲಿ ಸೇವಿಸಿದ ಕೆಲವರಲ್ಲಿ ತೀವ್ರ ಯಕೃತ್ತಿನ ಉರಿಯೂತ ಕಂಡಿದೆ, ಸಾವೂ ವರದಿಯಾಗಿದೆ. ಸೇವಿಸುವವರ ಮೂತ್ರ ಕಡುಹಳದಿಯಾದರೆ, ಹಸಿವು ಹೋಗಿ ಕಣ್ಣು ಹಳದಿಯಾದರೆ ಅಂದೇ ನಿಲ್ಲಿಸಿ ಲಿವರ್ ಪರೀಕ್ಷೆ ಮಾಡಿಸಬೇಕು.

ಕಾರ್ಡಿಸೆಪ್ಸ್‌ನಲ್ಲಿ ಎರಡು ಬಗೆ. ಹಿಮಾಲಯದಲ್ಲಿ ಹುಳುವಿನ ಮೇಲೆ ಬೆಳೆಯುವ ಕೀಡಾ ಜಡಿ ಒಂದು, ಪ್ರಯೋಗಾಲಯದ ಜಾಡಿಗಳಲ್ಲಿ ಬೆಳೆಸಿದ ಕಿತ್ತಳೆ ಬಣ್ಣದ ಮಿಲಿಟಾರಿಸ್ ಇನ್ನೊಂದು. ನಮ್ಮ ಕಡೆ ಮಾರುವುದು ಹೆಚ್ಚಾಗಿ ಎರಡನೆಯದು. ಕಾಡಿನ ಕೀಡಾ ಜಡಿಯಲ್ಲಿ ಮಿತಿಗಿಂತ ಹೆಚ್ಚು ಆರ್ಸೆನಿಕ್ ಇದೆಯೆಂದು ಚೀನಾದ ಆಹಾರ-ಔಷಧ ಇಲಾಖೆಯೇ 2016ರಲ್ಲಿ ಎಚ್ಚರಿಸಿತು. ಎರಡಕ್ಕೂ ಕೇಳುವ ಬೆಲೆಗೆ ತಕ್ಕ ಆಧಾರ ನಮಗೆ ಕಾಣುವುದಿಲ್ಲ.

ಆದರೂ ಪುಡಿ ಕೊಳ್ಳುವುದೇ ಆದರೆ ಡಬ್ಬಿಯಲ್ಲಿ ನೋಡಬೇಕಾದ್ದು ಇಷ್ಟು: ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕೆಯ ಎಫ್‌ಎಸ್‌ಎಸ್‌ಎಐ ಸಂಖ್ಯೆ, ಅಣಬೆಯ ವೈಜ್ಞಾನಿಕ ಹೆಸರು, ಅದು ಪೂರ್ಣ ಅಣಬೆಯೋ ಅಥವಾ ಧಾನ್ಯದ ಮೇಲೆ ಬೆಳೆಸಿದ ಬಿಳಿ ಎಳೆಯೋ ಎಂಬ ವಿವರ. ಧಾನ್ಯದ್ದಾದರೆ ಪುಡಿಯ ದೊಡ್ಡ ಪಾಲು ಹಿಟ್ಟೇ ಆಗಿರುತ್ತದೆ. ಸೀಸ, ಆರ್ಸೆನಿಕ್, ಕ್ಯಾಡ್ಮಿಯಂ ಪರೀಕ್ಷೆಯ ವರದಿ ಕೇಳಿ. "ಕ್ಯಾನ್ಸರ್, ಮಧುಮೇಹ ಗುಣಪಡಿಸುತ್ತದೆ" ಎಂದು ಜಾಹೀರಾತು ಮಾಡುವುದನ್ನು ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಜಾಹೀರಾತಿನ 1954ರ ಕಾಯ್ದೆಯೇ ನಿಷೇಧಿಸಿದೆ. ಹಾಗೆ ಬರೆದಿರುವ ಡಬ್ಬಿಯನ್ನು ಅಲ್ಲಿಗೇ ಬಿಡಿ.

ಚೀಟಿ ನೋಡಿ ಆಯ್ಕೆ

ಶುಗರ್ ಇರುವವರಿಗೆ ಚಿಪ್ಪು, ಹಾಲು, ಬಟನ್ ಮೂರೂ ಆಗುತ್ತವೆ. 100 ಗ್ರಾಂ ಅಣಬೆಯಲ್ಲಿ ಪಿಷ್ಟ-ಸಕ್ಕರೆ ಎಲ್ಲ ಸೇರಿ 3ರಿಂದ 6 ಗ್ರಾಂ ಮಾತ್ರ. ಲಾಭ ಬರುವುದು ಅನ್ನ ಕಡಿಮೆ ಮಾಡಿ ಆ ಜಾಗಕ್ಕೆ ಅಣಬೆ ಬಡಿಸಿದಾಗ. ಎಂದಿನಷ್ಟೇ ಕುಚ್ಚಲಕ್ಕಿ ಅನ್ನ ಉಂಡು ಮೇಲೆ ಅಣಬೆ ತಿಂದರೆ ಶುಗರ್ ಇಳಿಯದು.

ಬಿ.ಪಿ.ಗೆ ಒಳ್ಳೆಯದಾದ ಪೊಟಾಶಿಯಂ ಕಿಡ್ನಿ ಕುಂದಿದವರಿಗೆ ಅಪಾಯ. 100 ಗ್ರಾಂ ಚಿಪ್ಪು ಅಣಬೆಯಲ್ಲಿ ಸುಮಾರು 420 ಮಿ.ಗ್ರಾಂ, ಬಟನ್‌ನಲ್ಲಿ 320 ಮಿ.ಗ್ರಾಂ ಆಸುಪಾಸು ಇದೆ. ಡಯಾಲಿಸಿಸ್‌ನಲ್ಲಿರುವವರು ಡಾಕ್ಟರ್ ಒಪ್ಪಿದರೆ ಮಾತ್ರ ತಿನ್ನಬೇಕು. ಅದೂ ಬಟನ್ ಅಣಬೆಯನ್ನು ತೆಳ್ಳಗೆ ಹೆಚ್ಚಿ, ಧಾರಾಳ ನೀರಿನಲ್ಲಿ 10 ನಿಮಿಷ ಕುದಿಸಿ, ನೀರು ಬಸಿದು, ಸ್ವಲ್ಪವೇ. ಒಣ ಅಣಬೆ, ಅಣಬೆ ಸೂಪ್ ಅವರಿಗೆ ಬೇಡವೇ ಬೇಡ: 10 ಗ್ರಾಂ ಒಣ ಅಣಬೆ ಎಂದರೆ 100 ಗ್ರಾಂ ತಾಜಾದ್ದರ ಸಾರ.

ವಾರ್ಫರಿನ್ ತೆಗೆದುಕೊಳ್ಳುವವರಿಗೆ ಅಣಬೆ ಪಲ್ಯದ ಭಯ ಬೇಡ, ಅದರಲ್ಲಿ ವಿಟಮಿನ್ ಕೆ ನಗಣ್ಯ. ಬೇಡವಾದದ್ದು ರೈಶಿ. ಶಸ್ತ್ರಚಿಕಿತ್ಸೆಗೆ ಎರಡು ವಾರ ಮೊದಲೇ ರೈಶಿ, ಕಾರ್ಡಿಸೆಪ್ಸ್ ನಿಲ್ಲಿಸಬೇಕು. ಕಿಡ್ನಿ ಬದಲಿಸಿಕೊಂಡು ಟಾಕ್ರೊಲಿಮಸ್, ಸೈಕ್ಲೊಸ್ಪೊರಿನ್ ನುಂಗುವವರು "ರೋಗನಿರೋಧಕ ಶಕ್ತಿ ಹೆಚ್ಚಿಸುವ" ಯಾವ ಅಣಬೆ ಪುಡಿಯನ್ನೂ ಮುಟ್ಟಬಾರದು, ಆ ಮಾತ್ರೆಗಳನ್ನು ಕೊಡುವುದೇ ಆ ಶಕ್ತಿಯನ್ನು ತಗ್ಗಿಸಲು. ಕೀಮೋ ನಡೆಯುತ್ತಿರುವವರಿಗೆ ಚೆನ್ನಾಗಿ ಬೆಂದ ತಾಜಾ ಅಣಬೆ ಊಟದ ಭಾಗವಾಗಿ ಸರಿ, ಪುಡಿ ಬೇಕಾದರೆ ಅದೇ ಕ್ಯಾನ್ಸರ್ ತಜ್ಞರನ್ನು ಕೇಳಿ. ಗರ್ಭಿಣಿಯರಿಗೂ ಬೆಂದ ತಾಜಾ ಅಣಬೆ ಸರಿ, ಪುಡಿ ಬೇಕಾದರೆ ತಮ್ಮ ಡಾಕ್ಟರರನ್ನು ಕೇಳಲಿ.

ಗೌಟ್ (ಯೂರಿಕ್ ಆಮ್ಲದ ಸಂಧಿವಾತ) ಇರುವವರು ಒಣ ಶಿಟಾಕೆ ಬಿಡಲಿ, ಉಳಿದದ್ದು ವಾರಕ್ಕೊಮ್ಮೆ ಸಾಕು. ಅವರ ಊಟದಲ್ಲಿ ಮೊದಲು ಕಡಿಮೆಯಾಗಬೇಕಾದ್ದು ಬೂತಾಯಿ ಮೀನು.

ಬೇಯಿಸುವುದು, ಒಣಗಿಸುವುದು

ದೊಡ್ಡವರಿಗೆ ಒಂದು ಹೊತ್ತಿಗೆ ಹಸಿ ತೂಕದಲ್ಲಿ 80ರಿಂದ 100 ಗ್ರಾಂ, ವಾರಕ್ಕೆ ಎರಡು-ಮೂರು ಸಲ. ಹಸಿ ಚಿಪ್ಪು ಅಣಬೆಯಲ್ಲಿ ರಕ್ತಕಣ ಒಡೆಯುವ ಪ್ರೋಟೀನ್ ಇದೆ, ಅದು ಬಿಸಿಗೆ ನಾಶವಾಗುತ್ತದೆ. ಅಣಬೆಯ ಕೋಶಭಿತ್ತಿ ಸಿಗಡಿ ಚಿಪ್ಪಿನಲ್ಲಿರುವ ಕೈಟಿನ್‌ನದ್ದು, ಬೇಯದಿದ್ದರೆ ಜೀರ್ಣವಾಗುವುದು ಕಷ್ಟ. 200 ಗ್ರಾಂ ಪ್ಯಾಕೆಟ್ಟಿನ ಅಣಬೆಯ ಬುಡದ ಗಟ್ಟಿ ಭಾಗ ತೆಗೆದು, ಹರಿಯುವ ನೀರಿನಲ್ಲಿ ಬೇಗ ತೊಳೆದು, ಕೈಯಲ್ಲೇ ಸೀಳಿ. ಅಗಲ ಬಾಣಲೆಯನ್ನು ಚೆನ್ನಾಗಿ ಕಾಯಿಸಿ ಒಂದು ಚಮಚ ತೆಂಗಿನೆಣ್ಣೆಯಲ್ಲಿ ಹಾಕಿ. ಐದಾರು ನಿಮಿಷ ನೀರು ಬಿಡುತ್ತದೆ. ಅದು ಆರುವವರೆಗೆ ಉಪ್ಪು ಹಾಕಬೇಡಿ, ಮುಚ್ಚಬೇಡಿ. ನೀರಾರಿದ ಮೇಲೆ ಸುಕ್ಕದ ಮಸಾಲೆಯೋ ಗಸಿಯೋ ಸೇರಿಸಿ, ಒಟ್ಟು 12ರಿಂದ 15 ನಿಮಿಷ ಬೇಯಲಿ. ಉಳಿದದ್ದನ್ನು ಎರಡು ಗಂಟೆಯೊಳಗೆ ಫ್ರಿಜ್‌ನಲ್ಲಿಟ್ಟು ಮರುದಿನ ಕುದಿ ಬರುವಂತೆ ಬಿಸಿಮಾಡಿ ಮುಗಿಸಿ.

ಖರ್ಚಿಲ್ಲದೆ ಅಣಬೆಯ ಗುಣ ಹೆಚ್ಚಿಸುವ ದಾರಿ ಬಿಸಿಲು. ಹೆಚ್ಚಿದ ಹೋಳುಗಳನ್ನು ಗೀರಿನ ಭಾಗ (ಟೊಪ್ಪಿಯ ಅಡಿಯ ಪದರಗಳು) ಮೇಲೆ ಮಾಡಿ ನಡುಹಗಲಿನ ಬಿಸಿಲಿನಲ್ಲಿ 15ರಿಂದ 60 ನಿಮಿಷ ಇಟ್ಟರೆ ವಿಟಮಿನ್ ಡಿ2 ಉಂಟಾಗುತ್ತದೆ, 100 ಗ್ರಾಂಗೆ 10 ಮೈಕ್ರೊಗ್ರಾಂ ದಾಟುವುದೂ ಇದೆ. ಗಾಜಿನ ಕಿಟಕಿಯ ಹಿಂದೆ ಇಟ್ಟರೆ ಪ್ರಯೋಜನವಿಲ್ಲ, ಬೇಕಾದ ಕಿರಣವನ್ನು ಗಾಜು ತಡೆಯುತ್ತದೆ.

ಒಣಗಿಸಿಡುವವರು 50ರಿಂದ 55 ಡಿಗ್ರಿಯಲ್ಲಿ, ಮುರಿದರೆ ಚಟ್ಟೆಂದು ಶಬ್ದ ಬರುವವರೆಗೆ ಒಣಗಿಸಬೇಕು. ಆಟಿಯ ಮಳೆಯಲ್ಲಿ ಒಲೆಯ ಮೇಲಿನ ಅಟ್ಟದಲ್ಲಿಡುವುದು ಬೇಡ, ಹೊಗೆಯ ಮಸಿ ಹಿಡಿಯುತ್ತದೆ. ಗಂಧಕದ ಹೊಗೆ ಹಾಕಿದ ಡ್ರಯರ್‌ನಲ್ಲೂ ಬೇಡ.

ಗುಡ್ಡೆಯ ಲಾಂಬು

ಹುತ್ತದ ಅಣಬೆ, ಉಂಡೆಯಂತಿರುವ ಕಲ್ಲಣಬೆ ರುಚಿಗೆ ಸಾಟಿಯಿಲ್ಲ, ಗೊತ್ತಿರುವವರು ತಿನ್ನುತ್ತಲೇ ಬಂದಿದ್ದಾರೆ. ಆದರೆ ಔಷಧಕ್ಕೆಂದು ಹೊಸಬರು ಹುಡುಕುವಾಗಲೇ ಅನಾಹುತವಾಗುವುದು. ಹುತ್ತದ ಅಣಬೆಯ ಕಾಲು ಬೇರಿನಂತೆ ಮಣ್ಣಿನೊಳಗೆ ಗೆದ್ದಲಿನ ಗೂಡಿನವರೆಗೆ ಇಳಿದಿರುತ್ತದೆ, ದೊಡ್ಡ ಜಾತಿಗಳಲ್ಲಿ ಟೊಪ್ಪಿಯ ನಡುವೆ ಚೂಪು ಮೊನೆ ಇರುತ್ತದೆ. ತೆಂಗಿನ ತೋಟ, ಹಟ್ಟಿಯ ಹತ್ತಿರ, ಹುಲ್ಲಿನಲ್ಲಿ ಏಳುವ ದೊಡ್ಡ ಬಿಳಿ ಕೊಡೆ ಬೇರೆ. ಅದರ ಮೇಲೆ ಕಂದು ಹೊಪ್ಪಳೆ, ಕಾಲಿಗೆ ಉಂಗುರ, ಬಲಿತಾಗ ಗೀರುಗಳಿಗೆ ಹಸಿರು ಛಾಯೆ. ತಿಂದ ಒಂದರಿಂದ ಮೂರು ಗಂಟೆಯೊಳಗೆ ವಾಂತಿ-ಭೇದಿ ಹಿಡಿಸುತ್ತದೆ. ಬುಡದಲ್ಲಿ ಚೀಲ, ಬಿಳಿ ಗೀರು, ಕಾಲಿಗೆ ಉಂಗುರ ಮೂರೂ ಇದ್ದರೆ ಅಮಾನಿಟಾ ಎಂಬ ಮಾರಕ ವಿಷದ ಅಣಬೆಯೆಂದೇ ತಿಳಿದು ಬಿಟ್ಟುಬಿಡಿ. ಅದಕ್ಕೇ ಬುಡ ಕತ್ತರಿಸದೆ ಮಣ್ಣು ಸಮೇತ ಅಗೆದು ನೋಡಬೇಕು. ಕಲ್ಲಣಬೆಯನ್ನು ಒಂದೊಂದನ್ನೂ ಉದ್ದಕ್ಕೆ ಸೀಳಿ. ಒಳಗೆಲ್ಲ ಒಂದೇ ಬಿಳಿ ಇರಬೇಕು. ಕೊಡೆಯ ಆಕಾರ ಕಂಡರೆ ಅದು ಅಮಾನಿಟಾದ ಮೊಗ್ಗಾಗಿರಬಹುದು, ನೇರಳೆ-ಕಪ್ಪು ಕಂಡರೆ ಬಲಿತದ್ದು ಅಥವಾ ವಿಷದ್ದು.

ಬೆಳ್ಳಿ ಕಪ್ಪಾಗುವುದು, ಬೆಳ್ಳುಳ್ಳಿ ಅಥವಾ ಅರಸಿನದ ಬಣ್ಣ ಬದಲಾಗುವುದು, ಹುಳ ತಿಂದಿದ್ದರೆ ಮನುಷ್ಯನೂ ತಿನ್ನಬಹುದೆನ್ನುವುದು – ಈ ಪರೀಕ್ಷೆಗಳೆಲ್ಲ ಸುಳ್ಳು. ಅಮಾನಿಟಾದ ಮಾರಕ ವಿಷ ಎಷ್ಟು ಕುದಿಸಿದರೂ, ಒಣಗಿಸಿದರೂ ಹೋಗುವುದಿಲ್ಲ.

ತಿಂದ ಕಾಲು ಗಂಟೆಯಿಂದ ಎರಡು ಗಂಟೆಯೊಳಗೆ ವಿಪರೀತ ಬೆವರು, ಜೊಲ್ಲು, ಕಣ್ಣೀರು ಬಂದರೆ ಅದು ಮಸ್ಕರಿನ್ ವಿಷ, ಆಸ್ಪತ್ರೆಯಲ್ಲಿ ಅಟ್ರೊಪಿನ್ ಕೊಡುತ್ತಾರೆ. ಆರು ಗಂಟೆ ಕಳೆದ ಮೇಲೆ ವಾಂತಿ-ಭೇದಿ ಶುರುವಾದರೆ ಅದು ಎಲ್ಲಕ್ಕಿಂತ ಕೆಟ್ಟ ಸೂಚನೆ. ಒಂದು ದಿನದ ಬಳಿಕ ರೋಗಿ ಚೇತರಿಸಿಕೊಂಡಂತೆ ಕಾಣುತ್ತಾನೆ, ಒಳಗೆ ಯಕೃತ್ತು ಸಾಯುತ್ತಿರುತ್ತದೆ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸುತ್ತ ಹೊತ್ತು ಕಳೆಯಬೇಡಿ. 108ಕ್ಕೆ ಕರೆ ಮಾಡಿ. ಮಂಜೇಶ್ವರ ಕಡೆಯವರಿಗೆ ಮಂಗಳೂರಿನ ದೊಡ್ಡ ಆಸ್ಪತ್ರೆಯೇ ಹತ್ತಿರವಾದರೆ ನೇರ ಅಲ್ಲಿಗೇ ಹೋಗಿ. ಉಳಿದ ಪದಾರ್ಥವನ್ನು ಡಬ್ಬಿಯಲ್ಲಿ, ಬೇಯಿಸದ ಅಣಬೆಯೋ ಕತ್ತರಿಸಿ ಎಸೆದ ಬುಡವೋ ಇದ್ದರೆ ಕಾಗದದಲ್ಲಿ ಸುತ್ತಿ ಒಯ್ಯಿರಿ. ತಿಂದ ಗಂಟೆಯನ್ನು ಬರೆದುಕೊಳ್ಳಿ. ಅದೇ ಪಾತ್ರೆಯಿಂದ ಉಂಡ ಎಲ್ಲರನ್ನೂ, ಇನ್ನೂ ಏನೂ ಆಗದ ಮಕ್ಕಳನ್ನೂ ಸೇರಿಸಿ, ಜೊತೆಗೇ ಕರೆದುಕೊಂಡು ಹೋಗಿ.